ಒಳಗಿಟ್ಟ ವಸ್ತುವಿಗೆ ದೇಹದ ಉತ್ತರ: ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ದೇಹದೊಳಗೆ ಅಳವಡಿಸುವ ಸಾಧನಗಳನ್ನು ಕುರಿತವು. ಕೃತಕ ಕೀಲು, ಸ್ಟೆಂಟ್, ಪೇಸ್‌ಮೇಕರ್, ಸಿಲಿಕೋನ್ ಇಂಪ್ಲಾಂಟ್ ಹೀಗೆ ಸಾಧನಗಳು ಬೇರೆಬೇರೆಯಾದರೂ ಪ್ರಶ್ನೆಗಳ ಬೇರು ಒಂದೇ ಆಗಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರ ಪೇಸ್‌ಮೇಕರ್ ಬದಲಾಯಿಸುವಾಗ ಹಳೆಯ ಯಂತ್ರದ ಸುತ್ತ ಚೀಲದಂಥ ಗಟ್ಟಿ ಪೊರೆ ಬೆಳೆದಿತ್ತೆಂದೂ, ಅದನ್ನು ಸೀಳಿ ಯಂತ್ರವನ್ನು ಹೊರತೆಗೆದೆವೆಂದೂ ವೈದ್ಯರು ಹೇಳಿದರು. ಹಾಗಾದರೆ ಅವರ ದೇಹ ಇಷ್ಟು ವರ್ಷವೂ ಆ ಯಂತ್ರವನ್ನು ತಿರಸ್ಕರಿಸುತ್ತಿತ್ತೇ?

ಉತ್ತರ: ಇಲ್ಲ. ತಿರಸ್ಕಾರ ಎಂಬುದು ಬೇರೊಬ್ಬರ ಮೂತ್ರಪಿಂಡವನ್ನೋ ಹೃದಯವನ್ನೋ ಕಸಿ ಮಾಡಿದಾಗ ಆಗುವಂಥದ್ದು. ಅಲ್ಲಿ ರೋಗನಿರೋಧಕ ವ್ಯವಸ್ಥೆ ಪರಕೀಯ ಜೀವಕೋಶಗಳ ಗುರುತು ಹಿಡಿದು ಅವುಗಳ ಮೇಲೆ ದಾಳಿ ಮಾಡುತ್ತದೆ. ಲೋಹ ಅಥವಾ ಪ್ಲಾಸ್ಟಿಕ್ ವಿಷಯದಲ್ಲಿ ನಡೆಯುವುದು ಇದಕ್ಕಿಂತ ಹಳೆಯದಾದ, ಮುಳ್ಳೊಂದು ಚರ್ಮದೊಳಗೆ ಮುರಿದು ಉಳಿದಾಗಲೂ ನಡೆಯುವ ಪ್ರತಿಕ್ರಿಯೆ. ವಸ್ತು ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ರಕ್ತದಲ್ಲಿರುವ ಆಲ್ಬುಮಿನ್, ಫೈಬ್ರಿನೊಜೆನ್ ಮೊದಲಾದ ಪ್ರೋಟೀನುಗಳು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ದೇಹದ ಕೋಶಗಳು ಟೈಟಾನಿಯಂ ಅನ್ನಾಗಲಿ ಸಿಲಿಕೋನ್ ಅನ್ನಾಗಲಿ ನೇರವಾಗಿ ಮುಟ್ಟುವುದೇ ಇಲ್ಲ. ಅವು ಮುಟ್ಟುವುದು ಈ ಪ್ರೋಟೀನು ಲೇಪವನ್ನು. ಅಂಟಿಕೊಳ್ಳುವಾಗ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಂಡು, ಸಾಮಾನ್ಯವಾಗಿ ಒಳಗೆ ಅಡಗಿರುವ ಭಾಗಗಳು ಹೊರಗೆ ಕಾಣಿಸಿಕೊಂಡರೆ, ಇಲ್ಲಿ ಗಾಯವಾಗಿದೆ ಎಂಬ ಸೂಚನೆ ಕೋಶಗಳಿಗೆ ಸಿಗುತ್ತದೆ.

ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಬರುತ್ತವೆ. ಅವುಗಳ ಹಿಂದೆಯೇ ಮ್ಯಾಕ್ರೋಫೇಜುಗಳು, ಅಂದರೆ ದೊಡ್ಡ ಭಕ್ಷಕ ಕೋಶಗಳು ಬಂದು ನೆಲೆಯೂರುತ್ತವೆ. ರೋಗಾಣುವನ್ನು ನುಂಗಿ ಕರಗಿಸುವುದು ಇವುಗಳ ಕೆಲಸ. ಪೇಸ್‌ಮೇಕರನ್ನು ನುಂಗಲಾಗುವುದಿಲ್ಲವಾದ್ದರಿಂದ ಅವು ಒಂದರೊಡನೊಂದು ಬೆಸೆದುಕೊಂಡು, ಹತ್ತಾರು ಕೋಶಕೇಂದ್ರಗಳಿರುವ ದೈತ್ಯ ಕೋಶಗಳಾಗಿ ಮೇಲ್ಮೈಗೆ ಕವುಚಿ ಕೂರುತ್ತವೆ. ಅವು ಬಿಡುಗಡೆ ಮಾಡುವ ಸಂದೇಶಕಾರಕಗಳ ಕರೆಗೆ ಓಗೊಟ್ಟು ಬರುವ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಕೆಲವು ವಾರಗಳಲ್ಲಿ ಕೊಲಾಜನ್ ನಾರನ್ನು ನೇಯ್ದು ಇಡೀ ವಸ್ತುವನ್ನು ಒಂದು ಪೊರೆಯೊಳಗೆ ಮುಚ್ಚಿಬಿಡುತ್ತವೆ. ನಿಮ್ಮ ತಂದೆಯವರ ಯಂತ್ರದ ಸುತ್ತ ಇದ್ದದ್ದು ಅದೇ. ಅಂಥ ಪೊರೆಯನ್ನು ಸೀಳಿ ನೋಡಿದರೆ ಒಳಬದಿ ನುಣುಪಾಗಿ, ಮುತ್ತಿನ ಹೊಳಪಿನಿಂದ ಕೂಡಿ, ಯಂತ್ರದ ಅಂಚು, ತಂತಿ ಸೇರುವ ಜಾಗ ಎಲ್ಲದರ ಅಚ್ಚನ್ನೂ ಹೊತ್ತಿರುತ್ತದೆ. ಪೇಸ್‌ಮೇಕರಿನ ಪೆಟ್ಟಿಗೆಯ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಅದು ಜಾರದಂತೆ ಹಿಡಿದಿಡುವುದರಿಂದ ಸ್ವಲ್ಪ ಲಾಭವೇ ಇದೆ. ಇದೇ ಪೊರೆ ರಕ್ತದ ಸಕ್ಕರೆ ಅಳೆಯುವ ಸಂವೇದಕದ ಸುತ್ತ ಬೆಳೆದರೆ ಮಾತು ಬೇರೆ. ಆಗ ಸಕ್ಕರೆಯ ಅಂಶ ಸಂವೇದಕಕ್ಕೆ ಸರಿಯಾಗಿ ತಲುಪದೆ ಅಳತೆ ತಪ್ಪುತ್ತದೆ. ಚರ್ಮದಡಿಯ ಸೂಜಿಯಂಥ ಸಂವೇದಕಗಳನ್ನು ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕಾಗಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಹದಿನೈದು ವರ್ಷ ಚೆನ್ನಾಗಿದ್ದ ನನ್ನ ಕೃತಕ ಸೊಂಟದ ಕೀಲು ಈಗ ಸಡಿಲವಾಗಿದೆ. ಸೋಂಕು ಇಲ್ಲ, ಬಿದ್ದು ಪೆಟ್ಟೂ ಮಾಡಿಕೊಂಡಿಲ್ಲ. ಸುತ್ತಲಿನ ಮೂಳೆಯೇ ಕರಗಿದೆ ಎನ್ನುತ್ತಾರೆ. ಇಷ್ಟು ವರ್ಷ ಒಪ್ಪಿಕೊಂಡ ವಸ್ತುವನ್ನು ದೇಹ ಈಗೇಕೆ ಒಪ್ಪುತ್ತಿಲ್ಲ?

ಉತ್ತರ: ದೇಹ ಜಗಳಕ್ಕೆ ನಿಂತಿರುವುದು ಕೀಲಿನ ಜೊತೆಗಲ್ಲ, ಕೀಲು ಉದುರಿಸಿದ ಪುಡಿಯ ಜೊತೆಗೆ. ಈ ವಿಷಯದಲ್ಲಿ ಅತ್ಯಂತ ದುಬಾರಿ ಪಾಠ ಕಲಿತವರು ಇಂದಿನ ಸೊಂಟದ ಕೀಲಿಗೆ ರೂಪ ಕೊಟ್ಟ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್‌ಲಿ. 1950ರ ದಶಕದ ಕೊನೆಯಲ್ಲಿ ಅವರು ಕೀಲಿನ ಬಟ್ಟಲಿಗೆ, ಅಂದರೆ ತೊಡೆಮೂಳೆಯ ತುದಿಯ ಚೆಂಡು ತಿರುಗುವ ಗುಳಿಗೆ, ಟೆಫ್ಲಾನ್ ಆರಿಸಿಕೊಂಡರು. ಯಾವ ರಾಸಾಯನಿಕಕ್ಕೂ ಜಗ್ಗದ, ಅತಿ ಕಡಿಮೆ ಘರ್ಷಣೆಯ ವಸ್ತು ಅದು. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಆದರೆ ಎರಡು ಮೂರು ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಸವೆದ ಪುಡಿ ಕೀಲಿನ ಸುತ್ತ ಗಿಣ್ಣಿನಂಥ ಮುದ್ದೆಯಾಗಿ ತುಂಬಿಕೊಂಡಿತು. ಸುಮಾರು 300 ಕೀಲುಗಳು ಕೈಕೊಟ್ಟವು. ಆಮೇಲೆ ಮಗ್ಗಗಳ ಗಾಲಿಗಳಿಗೆ ಬಳಸುತ್ತಿದ್ದ, ಅತಿ ಉದ್ದದ ಅಣುಸರಪಳಿಯಿರುವ ಪಾಲಿಥಿನನ್ನು ಪ್ಲಾಸ್ಟಿಕ್ ಮಾರಾಟಗಾರರೊಬ್ಬರು ಅವರ ಪ್ರಯೋಗಶಾಲೆಗೆ ತಂದರು. ಅದನ್ನು ರೋಗಿಗಳಿಗೆ ಹಾಕುವ ಮೊದಲು ಚಾರ್ನ್‌ಲಿ ಟೆಫ್ಲಾನ್ ಮತ್ತು ಪಾಲಿಥಿನ್ ಎರಡರ ಪುಡಿಯನ್ನೂ ತಮ್ಮ ತೊಡೆಯೊಳಗೇ ಇಡಿಸಿಕೊಂಡು ಕಾದರು. ತಿಂಗಳುಗಳ ಬಳಿಕ ಟೆಫ್ಲಾನ್ ಇಟ್ಟ ಕಡೆ ಗಂಟುಗಳು ಕೈಗೆ ಸಿಗುತ್ತಿದ್ದವು. ಪಾಲಿಥಿನ್ ಇಟ್ಟ ಕಡೆ ಏನೂ ಸಿಗಲಿಲ್ಲ. 1962ರಿಂದ ಅವರು ಪಾಲಿಥಿನ್ ಬಟ್ಟಲುಗಳನ್ನು ಬಳಸತೊಡಗಿದರು.

ಪಾಲಿಥಿನ್ ಕೂಡ ಸವೆಯುತ್ತದೆ, ನಿಧಾನವಾಗಿ ಅಷ್ಟೇ. ಹಳೆಯ ಮಾದರಿಯ ಬಟ್ಟಲು ವರ್ಷಕ್ಕೆ ಸುಮಾರು 0.1 ಮಿಲಿಮೀಟರಿನಷ್ಟು ಸವೆಯುತ್ತಿತ್ತು. ಕೇಳಲು ಅಲ್ಪವೆನಿಸುವ ಈ ಸವೆತದಿಂದ ಹೊರಬೀಳುವ ಕಣಗಳ ಸಂಖ್ಯೆ ಒಂದೊಂದು ಹೆಜ್ಜೆಗೂ ಲಕ್ಷಗಟ್ಟಲೆ ಇರುತ್ತದೆ. ಅವುಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವು, ಅಂದರೆ ಬ್ಯಾಕ್ಟೀರಿಯಾದ ಗಾತ್ರದವು. ಆದ್ದರಿಂದ ಇಡೀ ಬಟ್ಟಲನ್ನು ನುಂಗಲಾರದ ಭಕ್ಷಕ ಕೋಶಗಳು ಈ ಪುಡಿಯನ್ನು ಸಲೀಸಾಗಿ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಹೊಟ್ಟೆ ತುಂಬ ಪಾಲಿಥಿನ್ ಹೊತ್ತ ಆ ಕೋಶಗಳು ಉರಿಯೂತದ ಸಂದೇಶಗಳನ್ನು ಬಿಡುತ್ತಲೇ ಇರುತ್ತವೆ. ಆ ಸಂದೇಶಗಳಿಂದ ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಕೀಲಿನ ಸುತ್ತಣ ಮೂಳೆ ಸದ್ದಿಲ್ಲದೆ ಸವೆದು ಕೊನೆಗೊಂದು ದಿನ ನೋವಾಗಿ ಪ್ರಕಟವಾಗುತ್ತದೆ. ಮರುಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ತೆಳು ಪದರವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರೆ, ಕತ್ತಲ ಹಿನ್ನೆಲೆಯಲ್ಲಿ ಕೋಶಗಳೊಳಗಿನ ಪಾಲಿಥಿನ್ ಚೂರುಗಳು ಬೆಳ್ಳಗೆ ಮಿನುಗುವುದು ಕಾಣುತ್ತದೆ.

ನಿಮ್ಮ ಮುಂದಿನ ಕೀಲಿನ ಮಟ್ಟಿಗೆ ಒಳ್ಳೆಯ ಸುದ್ದಿಯಿದೆ. 1990ರ ದಶಕದ ಕೊನೆಯಿಂದ ವಿಕಿರಣದ ಮೂಲಕ ಅಣುಸರಪಳಿಗಳ ನಡುವೆ ಅಡ್ಡಬೆಸುಗೆ ಹಾಕಿದ ಪಾಲಿಥಿನ್ ಬಳಕೆಗೆ ಬಂದಿದ್ದು, ಅದರ ಸವೆತ ಹಳೆಯದರ ಒಂದು ಸಣ್ಣ ಪಾಲು ಮಾತ್ರ. ಅದು ಉತ್ಕರ್ಷಣಗೊಂಡು ಗಡುಸಾಗದಂತೆ ಕೆಲವು ಮಾದರಿಗಳಲ್ಲಿ ವಿಟಮಿನ್ ಇ ಬೆರೆಸಿರುತ್ತಾರೆ. ಪಿಂಗಾಣಿ ಚೆಂಡುಗಳೂ ಇವೆ. ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು ಕೂರಿಸಿದರೆ ಪ್ಲಾಸ್ಟಿಕ್ ಪುಡಿಯ ತೊಂದರೆಯೇ ಇರದು ಎಂಬ ಆಸೆಯೂ ಒಂದು ಕಾಲಕ್ಕೆ ಬಲವಾಗಿತ್ತು. ಆದರೆ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳಿಂದ ಕೆಲವರ ಕೀಲಿನ ಸುತ್ತ ಗಡ್ಡೆಯಂಥ ಊತವೂ ಸ್ನಾಯುನಾಶವೂ ಆಗಿ, 2010ರಲ್ಲಿ ಅಂಥ ಒಂದು ಪ್ರಮುಖ ಮಾದರಿಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಪುಡಿಯ ಜಾತಿ ಬದಲಾದರೆ ಕಾಯಿಲೆಯ ಜಾತಿಯೂ ಬದಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಕೀಲುಗಳ ವಿಷಯದಲ್ಲಿ ರೋಗಿಯೂ ವೈದ್ಯರೂ ಕೇಳಬೇಕಾದ ಮೊದಲ ಪ್ರಶ್ನೆ ಇದು ಯಾವ ವಸ್ತು ಎಂಬುದಲ್ಲ, ಇದು ಎಷ್ಟು ಸವೆಯುತ್ತದೆ ಎಂಬುದು.

ಪ್ರಶ್ನೆ: ಅಗ್ಗದ ಓಲೆ, ಗಡಿಯಾರದ ಪಟ್ಟಿ ತಾಗಿದರೆ ಸಾಕು ನನ್ನ ಚರ್ಮ ಕೆಂಪಾಗಿ ತುರಿಸುತ್ತದೆ. ಮಂಡಿ ಬದಲಾವಣೆ ಮಾಡಿಸಬೇಕಾಗಿದೆ. ಹೆದರಬೇಕೇ?

ಉತ್ತರ: ನಿಮ್ಮದು ಬಹುಶಃ ನಿಕ್ಕಲ್ ಅಲರ್ಜಿ, ಲೋಹಗಳ ಅಲರ್ಜಿಯಲ್ಲಿ ಅದೇ ಅತ್ಯಂತ ಸಾಮಾನ್ಯ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ 316ಎಲ್ ದರ್ಜೆಯ ಉಕ್ಕಿನಲ್ಲಿ ನಿಕ್ಕಲ್ ಶೇ 10ಕ್ಕಿಂತ ಹೆಚ್ಚಿರುತ್ತದೆ. ಮಂಡಿಯ ಕೀಲಿಗೆ ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಲ್ಲಿ ಅಲ್ಪ ಪ್ರಮಾಣದಲ್ಲಿರುತ್ತದೆ. ಆದರೆ ಚರ್ಮದ ಅಲರ್ಜಿಯಿರುವ ಬಹುತೇಕ ಜನರ ಒಳಗಿನ ಕೀಲಿಗೆ ಏನೂ ಆಗುವುದಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಚರ್ಮದಲ್ಲಿ ಈ ಕೆಲಸಕ್ಕೆಂದೇ ಕಾವಲು ನಿಂತ ಕೋಶಗಳಿರುತ್ತವೆ ಮತ್ತು ಬೆವರು ಲೋಹವನ್ನು ಕರಗಿಸುತ್ತಿರುತ್ತದೆ. ಕೀಲಿನೊಳಗಿನ ಪರಿಸ್ಥಿತಿ ಬೇರೆ. ಲೋಹದ ಅಂಶವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯ ಫಲಿತಾಂಶವನ್ನು ನೋಡಿ ಕೀಲಿನ ಭವಿಷ್ಯ ಹೇಳಲು ಆಗದಿರುವುದೂ ಇದರಿಂದಲೇ. ಹಾಗೆಂದು ವಿಷಯವನ್ನು ಮುಚ್ಚಿಡಬೇಡಿ. ಆಭರಣದಿಂದ ತುರಿಕೆಯಾಗುವ ಸಂಗತಿಯನ್ನು ಶಸ್ತ್ರಚಿಕಿತ್ಸಕರಿಗೆ ಮೊದಲೇ ಹೇಳಿದರೆ, ತೀವ್ರ ಅಲರ್ಜಿಯಿದ್ದವರಿಗೆ ಟೈಟಾನಿಯಂ, ಆಕ್ಸೀಕೃತ ಜಿರ್ಕೋನಿಯಂ ಅಥವಾ ಪಿಂಗಾಣಿಯಂಥ ಲೇಪವಿರುವ ಕೀಲುಗಳನ್ನು ಪರಿಗಣಿಸಲು ಅವರಿಗೆ ಅವಕಾಶವಿರುತ್ತದೆ. ಕೀಲನ್ನು ಮೂಳೆಗೆ ಹಿಡಿದಿಡುವ ಮೂಳೆ ಸಿಮೆಂಟಿನಲ್ಲಿರುವ ಅಕ್ರಿಲಿಕ್ ಅಂಶಕ್ಕೂ ಕೆಲವರಿಗೆ ಅಲರ್ಜಿಯಿರುತ್ತದೆ. ಕೃತಕ ಉಗುರು ಅಂಟಿಸಿಕೊಂಡಾಗ ಬೆರಳು ಊದಿದ ಅನುಭವವಿದ್ದರೆ ಅದನ್ನೂ ಹೇಳುವುದು ಒಳ್ಳೆಯದು.

ಪ್ರಶ್ನೆ: ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಕೊಟ್ಟರೆ ಈ ಪ್ರತಿಕ್ರಿಯೆಯೆಲ್ಲ ನಿಂತುಹೋಗುವುದಿಲ್ಲವೇ?

ಉತ್ತರ: ತಗ್ಗಬಹುದು, ಆದರೆ ಅದಕ್ಕೆ ಇಡೀ ದೇಹ ಬೆಲೆ ತೆರಬೇಕಾಗುತ್ತದೆ. ಗಾಯ ಕೂಡುವುದಕ್ಕೂ ಸೋಂಕನ್ನು ತಡೆಯುವುದಕ್ಕೂ ಬೇಕಾದ ಕೋಶಗಳೇ ಅವು. ಆದ್ದರಿಂದ ಔಷಧವನ್ನು ಬಾಯಿಗೆ ಕೊಡುವ ಬದಲು ಸಾಧನಕ್ಕೇ ಕೊಡುವ ದಾರಿಯನ್ನು ಕಂಡುಕೊಳ್ಳಲಾಯಿತು. ಇದರ ಅತ್ಯಂತ ಚೊಕ್ಕ ಉದಾಹರಣೆ ಪೇಸ್‌ಮೇಕರಿನ ತಂತಿ. ಹೃದಯದ ಗೋಡೆಗೆ ಅದರ ತುದಿ ಚುಚ್ಚಿಕೊಂಡಾಗ ಆರಂಭದ ವಾರಗಳಲ್ಲಿ ಉರಿಯೂತ ಉಂಟಾಗಿ, ಹೃದಯವನ್ನು ಮಿಡಿಸಲು ಬೇಕಾದ ವಿದ್ಯುತ್ತಿನ ಪ್ರಮಾಣ ಏರುತ್ತಿತ್ತು. 1980ರ ದಶಕದಲ್ಲಿ ಆ ತುದಿಯಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು, ಅದೂ ಒಂದು ಮಿಲಿಗ್ರಾಂನಷ್ಟೂ ಇಲ್ಲದ ಪ್ರಮಾಣದಲ್ಲಿ, ಅಡಗಿಸಿಟ್ಟು ನಿಧಾನವಾಗಿ ಒಸರುವಂತೆ ಮಾಡಿದರು. ಏರಿಕೆ ಬಹುಮಟ್ಟಿಗೆ ನಿಂತಿತು, ಬ್ಯಾಟರಿಯ ಬಾಳಿಕೆಯೂ ಹೆಚ್ಚಿತು. ಚರ್ಮದಡಿ ಇಡೀ ಒಂದು ವರ್ಷ ಕೆಲಸ ಮಾಡುವ ಸಕ್ಕರೆ ಸಂವೇದಕಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು; ಅದರಲ್ಲೂ ಇದೇ ಔಷಧದ ಒಂದು ಉಂಗುರವಿದೆ. ಒಂದೇ ಕೊರತೆಯೆಂದರೆ ಅಡಗಿಸಿಟ್ಟ ಔಷಧ ಒಂದು ದಿನ ಮುಗಿಯುತ್ತದೆ, ಆದರೆ ವಸ್ತು ಅಲ್ಲೇ ಇರುತ್ತದೆ.

ಪ್ರಶ್ನೆ: ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ. ಔಷಧ ಸ್ಟೆಂಟಿನಲ್ಲೇ ಇರುವಾಗ ರಕ್ತ ಹೆಪ್ಪುಗಟ್ಟದಿರುವ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕೆಂದು ಏಕೆ ಹೇಳುತ್ತಾರೆ?

ಉತ್ತರ: ಎರಡೂ ಬೇರೆಬೇರೆ ತೊಂದರೆಗಳಿಗೆ. ಬರಿಯ ಲೋಹದ ಸ್ಟೆಂಟ್ ಹಾಕುತ್ತಿದ್ದ ಕಾಲದಲ್ಲಿ, ಸ್ಟೆಂಟನ್ನು ಹಿಗ್ಗಿಸಲು ಒಳಗೆ ಬಲೂನು ಉಬ್ಬಿಸಿದಾಗ ಗಾಯಗೊಂಡ ರಕ್ತನಾಳದ ಗೋಡೆ ಲೋಹದ ಜಾಲರಿಯ ಸಂದಿನಿಂದ ಒಳಮುಖವಾಗಿ ಬೆಳೆದು, ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿಯಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಆ ಬೆಳವಣಿಗೆಯನ್ನು ತಡೆಯಲು ಸಿರೋಲಿಮಸ್‌ನಂಥ ಔಷಧವನ್ನು ಲೇಪಿಸಿದ ಸ್ಟೆಂಟುಗಳು 2002-03ರ ಹೊತ್ತಿಗೆ ಬಂದವು. ಈ ಸಿರೋಲಿಮಸ್‌ನ ಮೂಲ, ಈಸ್ಟರ್ ದ್ವೀಪದಿಂದ 1964ರಲ್ಲಿ ಸಂಗ್ರಹಿಸಿ ತಂದ ಮಣ್ಣಿನ ಬ್ಯಾಕ್ಟೀರಿಯಾ! ಔಷಧ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಆದರೆ ಬೇಡದ ಕೋಶಗಳ ಜೊತೆಗೆ ಬೇಕಾದ ಕೋಶಗಳ ಬೆಳವಣಿಗೆಯನ್ನೂ ನಿಧಾನಿಸಿತು. ರಕ್ತನಾಳದ ಒಳಮೈಯನ್ನು ಹಾಸಿರುವ ತೆಳು ಕೋಶಪದರ ಲೋಹದ ಎಳೆಗಳ ಮೇಲೆ ಹಬ್ಬುವವರೆಗೆ ರಕ್ತಕ್ಕೆ ಅಲ್ಲಿ ಪರವಸ್ತು ಬತ್ತಲೆಯಾಗಿ ಕಾಣುತ್ತಿರುತ್ತದೆ ಮತ್ತು ಹೆಪ್ಪುಗಟ್ಟುವ ಅಪಾಯ ಉಳಿದಿರುತ್ತದೆ. ಮಾತ್ರೆ ಆ ಅವಧಿಯ ಕಾವಲಿಗೆ. ಮೊದಲ ಪೀಳಿಗೆಯ ಸ್ಟೆಂಟುಗಳಲ್ಲಿ ಔಷಧ ಮುಗಿದ ಮೇಲೂ ಉಳಿಯುತ್ತಿದ್ದ ಪಾಲಿಮರ್ ಲೇಪವೇ ಕೆಲವರಲ್ಲಿ ಉರಿಯೂತಕ್ಕೆ ಕಾರಣವಾಯಿತು. ಈಗಿನವುಗಳಲ್ಲಿ ಲೇಪ ರಕ್ತಕ್ಕೆ ಹೆಚ್ಚು ಒಗ್ಗುವಂಥದ್ದು ಅಥವಾ ತಾನೇ ಕರಗಿಹೋಗುವಂಥದ್ದು. ಆಗ 140 ಮೈಕ್ರಾನ್ ದಪ್ಪವಿದ್ದ ಎಳೆಗಳು ಈಗ 60ರಿಂದ 80 ಮೈಕ್ರಾನಿಗೆ ಇಳಿದಿವೆ. ಎಳೆ ತೆಳುವಾದಷ್ಟೂ ಗೋಡೆಗೆ ಆಗುವ ಗಾಯ ಕಡಿಮೆ, ರಕ್ತದ ಹರಿವಿಗೆ ಬರುವ ಅಡಚಣೆ ಕಡಿಮೆ, ಕೋಶಪದರ ಹಬ್ಬಲು ಬೇಕಾದ ಸಮಯವೂ ಕಡಿಮೆ. ಎಷ್ಟು ತಿಂಗಳು ಎಂಬುದನ್ನು ನಿಮ್ಮ ಹೃದ್ರೋಗ ತಜ್ಞರು ನಿರ್ಧರಿಸಬೇಕು. ಹಲ್ಲು ಕೀಳಿಸುವ ನೆಪದಲ್ಲೂ ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಸ್ತನದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಡಿಸಿಕೊಂಡಿದ್ದೇನೆ. ಎರಡು ವರ್ಷದ ಬಳಿಕ ಅದು ಕಲ್ಲಿನಂತೆ ಗಟ್ಟಿಯಾಗುತ್ತಿದೆ. ಇಂಪ್ಲಾಂಟ್ ಹಾಳಾಯಿತೇ?

ಉತ್ತರ: ಗಟ್ಟಿಯಾಗಿರುವುದು ಇಂಪ್ಲಾಂಟ್ ಅಲ್ಲ, ಅದರ ಸುತ್ತಲಿನ ಪೊರೆ. ಮೊದಲ ಉತ್ತರದಲ್ಲಿ ಹೇಳಿದ ನಾರಿನ ಪೊರೆ ಎಲ್ಲರಲ್ಲೂ ಬೆಳೆಯುತ್ತದೆ. ಕೆಲವರಲ್ಲಿ ಅದರೊಳಗಿನ ಕೋಶಗಳು ಸ್ನಾಯುಕೋಶದ ಗುಣ ಪಡೆದು ಪೊರೆಯನ್ನು ಬಿಗಿಯುತ್ತ ಹೋಗುತ್ತವೆ. ಇದನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ: ಮೊದಲನೆಯದರಲ್ಲಿ ಮುಟ್ಟಿದರೂ ತಿಳಿಯದು, ನಾಲ್ಕನೆಯದರಲ್ಲಿ ಆಕಾರ ಕೆಟ್ಟು ನೋವಿರುತ್ತದೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದರ ಸಂಭವ ಸ್ಪಷ್ಟವಾಗಿ ಹೆಚ್ಚು. ರಕ್ತ ಕಟ್ಟಿಕೊಳ್ಳುವುದು, ಮೇಲ್ಮೈಯಲ್ಲಿ ಲಕ್ಷಣವೇ ತೋರದಷ್ಟು ಸಣ್ಣ ಪ್ರಮಾಣದ ಬ್ಯಾಕ್ಟೀರಿಯಾ ನೆಲೆಸುವುದು ಕೂಡ ಕಾರಣಗಳೆಂದು ಪರಿಗಣಿತವಾಗಿವೆ. ಆದ್ದರಿಂದಲೇ ಇಂಪ್ಲಾಂಟನ್ನು ಕೈಯಿಂದ ಆದಷ್ಟು ಕಡಿಮೆ ಮುಟ್ಟುವುದು, ಆಲಿಕೆಯಂಥ ಸಾಧನದ ಮೂಲಕ ಒಳಗೆ ಜಾರಿಸುವುದು, ಕುಳಿಯನ್ನು ರೋಗಾಣುನಾಶಕ ದ್ರಾವಣದಿಂದ ತೊಳೆಯುವುದು ಇವೆಲ್ಲ ರೂಢಿಗೆ ಬಂದಿವೆ.

ನಿಮ್ಮ ಪತ್ರದ ಕೊನೆಯಲ್ಲಿ ಒರಟು ಮೇಲ್ಮೈಯ ಇಂಪ್ಲಾಂಟ್ ಮೇಲಲ್ಲವೇ ಎಂದು ಕೇಳಿದ್ದೀರಿ. ನಾರುಗಳು ಒಂದೇ ದಿಕ್ಕಿನಲ್ಲಿ ಜೋಡಣೆಯಾಗದಂತೆ ತಡೆದು ಬಿಗಿತ ಕಡಿಮೆ ಮಾಡಲೆಂದೇ ಆ ಒರಟನ್ನು ಕೊಟ್ಟದ್ದು, ಮತ್ತು ಅದು ಒಂದಿಷ್ಟು ಫಲ ನೀಡಿದ್ದೂ ನಿಜ. ಆದರೆ ಅದೇ ಒರಟು ಇಂಪ್ಲಾಂಟುಗಳ ಸುತ್ತಲಿನ ಪೊರೆಯಲ್ಲಿ, ಅಪರೂಪಕ್ಕೆ, ರೋಗನಿರೋಧಕ ಕೋಶಗಳದ್ದೇ ಆದ ಲಿಂಫೋಮಾ ಎಂಬ ಕ್ಯಾನ್ಸರಿನ ಒಂದು ಬಗೆ ಕಾಣಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು. 2019ರಲ್ಲಿ ಅತಿ ಒರಟಾದ ಮಾದರಿಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ನಿಮ್ಮ ತೊಂದರೆ ಅದಲ್ಲ. ಆ ಕಾಯಿಲೆ ಹೆಚ್ಚಾಗಿ ವರ್ಷಗಳ ನಂತರ ಒಂದೇ ಕಡೆ ದ್ರವ ತುಂಬಿ ಊದಿಕೊಳ್ಳುವ ರೂಪದಲ್ಲಿ ತೋರುತ್ತದೆ. ಗಟ್ಟಿಯಾಗಿ ನೋಯುವ ಪೊರೆಗೆ ಖಚಿತ ಪರಿಹಾರವೆಂದರೆ ಪೊರೆಯನ್ನು ಬಿಡಿಸಿ ಅಥವಾ ತೆಗೆದು ಇಂಪ್ಲಾಂಟ್ ಬದಲಿಸುವುದು, ಇಲ್ಲವೇ ನಿಮ್ಮದೇ ಅಂಗಾಂಶದಿಂದ ಸ್ತನವನ್ನು ಮರುರೂಪಿಸುವುದು. ವಿಕಿರಣ ಪಡೆದಿದ್ದರೆ ಎರಡನೆಯದನ್ನು ಗಂಭೀರವಾಗಿ ಚರ್ಚಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಎಲ್ಲ ಸಾಧನಗಳನ್ನೂ ಕ್ರಿಮಿಶುದ್ಧಿ ಮಾಡಿಯೇ ಹಾಕುತ್ತಾರಲ್ಲ, ಮತ್ತೆ ಸೋಂಕು ಹೇಗೆ ಬರುತ್ತದೆ? ಸೋಂಕನ್ನೂ ಈ ಪರವಸ್ತು ಪ್ರತಿಕ್ರಿಯೆಯನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ?

ಉತ್ತರ: ಮೊದಲು ಸೋಂಕಿನ ಮಾತು. ಮನುಷ್ಯರ ಚರ್ಮದಡಿ ಕೀವು ಮೂಡಿಸಲು ಎಷ್ಟು ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕೆಂದು 1957ರಲ್ಲಿ ಎಲೆಕ್ ಮತ್ತು ಕೊನೆನ್ ಪರೀಕ್ಷಿಸಿದರು. ಬರಿಯ ಚರ್ಮಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬೇಕಾಗುತ್ತಿದ್ದರೆ, ಅಲ್ಲೊಂದು ರೇಷ್ಮೆ ಹೊಲಿಗೆಯ ದಾರವಿದ್ದಾಗ ನೂರರಷ್ಟು ಸಾಕಾಯಿತು. ಪರವಸ್ತುವಿನ ಮೇಲೆ ಕೂತ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಔಷಧಕ್ಕೂ ಬಿಳಿರಕ್ತಕಣಕ್ಕೂ ಸಿಗದೆ ಉಳಿಯುತ್ತವೆ; ನುಂಗಲಾಗದ ವಸ್ತುವಿನೆದುರು ದಣಿದ ಭಕ್ಷಕ ಕೋಶಗಳಿಗೂ ಅಲ್ಲಿ ಹಳೆಯ ಕಸುವಿರುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಹಲ್ಲು, ಚರ್ಮ, ಮೂತ್ರನಾಳದ ಸೋಂಕುಗಳನ್ನು ವಾಸಿಮಾಡಿಕೊಳ್ಳುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು ಬರಿಯ ಔಪಚಾರಿಕತೆಯಲ್ಲ.

ಇನ್ನು ಕ್ರಿಮಿಶುದ್ಧಿ. ಕ್ರಿಮಿ ಸತ್ತರೂ ಅದರ ಹೊರಪೊರೆಯ ತುಣುಕುಗಳು, ಎಂಡೋಟಾಕ್ಸಿನ್ ಎಂಬವು, ಮೇಲ್ಮೈಯಲ್ಲಿ ಉಳಿದರೆ ಉರಿಯೂತ ಉಂಟಾಗುತ್ತದೆ. ಸಾಮಾನ್ಯ ಹಬೆಯ ಶುದ್ಧಿಗೆ ಅವು ಜಗ್ಗುವುದಿಲ್ಲ. ಅದಕ್ಕಾಗಿಯೇ ಸಾಧನಗಳ ಮೇಲಿನ ಎಂಡೋಟಾಕ್ಸಿನ್ ಪ್ರಮಾಣಕ್ಕೆ ಪ್ರತ್ಯೇಕ ಮಿತಿಯಿದೆ, ಬೆನ್ನುಹುರಿಯ ದ್ರವ ತಾಗುವಂಥವಕ್ಕೆ ಅದು ಇನ್ನೂ ಬಿಗಿ. ಸಾಧನದ ಮೇಲಲ್ಲ, ವೈದ್ಯರ ಕೈಗವಸಿನ ಮೇಲಿನ ಪುಡಿ ಕೂಡ ಹೊಟ್ಟೆಯೊಳಗೆ ಉದುರಿ ಗಂಟುಗಳಿಗೂ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದಕ್ಕೂ ಕಾರಣವಾಗುತ್ತಿತ್ತು. ಅಮೆರಿಕ ಪುಡಿ ಲೇಪಿತ ಕೈಗವಸುಗಳನ್ನು 2017ರ ಜನವರಿಯಿಂದ ನಿಷೇಧಿಸಿತು. ಅದು ಇನ್ನೂ ಮೊದಲೇ ಆಗಬೇಕಿತ್ತು ಎಂದು ಹೇಳಲು ನನಗೆ ಅಳುಕಿಲ್ಲ.

ಬೇರ್ಪಡಿಸುವ ಬಗೆ: ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಊತ, ಬಿಸಿ, ನೋವು ದಿನದಿಂದ ದಿನಕ್ಕೆ ತಗ್ಗುತ್ತ ಹೋಗಬೇಕು. ತಗ್ಗಿದ್ದು ಮತ್ತೆ ಏರಿದರೆ, ಗಾಯದಿಂದ ದ್ರವ ಒಸರುತ್ತಲೇ ಇದ್ದರೆ, ಜ್ವರ ಬಂದರೆ, ಚರ್ಮ ತೆಳುವಾಗಿ ಸಾಧನದ ಅಂಚು ಕಾಣುವಂತಾದರೆ ಕಾಯಬಾರದು. ಈ ಹಂತದಲ್ಲಿ ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ನುಂಗಿ ನೋಡುವುದು ಅತ್ಯಂತ ಕೆಟ್ಟ ನಿರ್ಧಾರ, ಏಕೆಂದರೆ ಅದರಿಂದ ಸೋಂಕು ವಾಸಿಯಾಗದೆ, ಯಾವ ರೋಗಾಣು ಎಂದು ಪತ್ತೆಮಾಡುವುದು ಮಾತ್ರ ಕಷ್ಟವಾಗುತ್ತದೆ.

ಪ್ರಶ್ನೆ: ಹಲ್ಲಿನ ಇಂಪ್ಲಾಂಟ್ ಮಾಡಿಸಬೇಕೆಂದಿದ್ದೇನೆ. ಸಿಗರೇಟು ಬಿಡಲೇಬೇಕೆಂದು ದಂತವೈದ್ಯರು ಪಟ್ಟುಹಿಡಿದಿದ್ದಾರೆ. ನಿಜವಾಗಿಯೂ ಅಗತ್ಯವೇ?

ಉತ್ತರ: ಅಗತ್ಯ. ಮೂಳೆ ಇಂಪ್ಲಾಂಟಿಗೆ ಬೆಸೆದುಕೊಳ್ಳಲು ರಕ್ತಸಂಚಾರ ಬೇಕು; ಸಿಗರೇಟು ಅದನ್ನೇ ಕುಗ್ಗಿಸುತ್ತದೆ. ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವವೂ ಅದರ ಸುತ್ತಲಿನ ಮೂಳೆ ಸವೆಯುವ ಸಂಭವವೂ ಹೆಚ್ಚು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ದೇಹ ಗಮನಿಸಲಾರದ, ಸಂಪೂರ್ಣ ನಿಷ್ಕ್ರಿಯ ವಸ್ತುವನ್ನು ತಯಾರಿಸಲು ಸಾಧ್ಯವೇ? ಸಂಶೋಧನೆ ಯಾವ ದಿಕ್ಕಿನಲ್ಲಿದೆ?

ಉತ್ತರ: ನಿಷ್ಕ್ರಿಯ ವಸ್ತು ಎಂಬ ಕನಸಿಗೆ ಕಾರಣವಾದ ಘಟನೆಗಳು ನಿಜವಾಗಿಯೂ ನಡೆದಿವೆ. ಎರಡನೇ ಮಹಾಯುದ್ಧದ ಪೈಲಟ್ಟುಗಳ ಕಣ್ಣಿನೊಳಗೆ ಸಿಡಿದು ಸೇರಿದ ಅಕ್ರಿಲಿಕ್ ಚೂರುಗಳು ತಂಟೆ ಮಾಡದೆ ಉಳಿದಿದ್ದನ್ನು ಗಮನಿಸಿದ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರವನ್ನು ಕಣ್ಣಿನೊಳಗಿಟ್ಟರು. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರಾನೆಮಾರ್ಕ್ ಮೊಲದ ಮೂಳೆಯೊಳಗಿಟ್ಟ ಟೈಟಾನಿಯಂ ಸಾಧನವನ್ನು ಹೊರತೆಗೆಯಲು ಹೋದಾಗ ಅದು ಮೂಳೆಗೆ ಬೆಸೆದುಹೋಗಿತ್ತು. ಆದರೆ ಟೈಟಾನಿಯಂ ಗೆದ್ದದ್ದು ದೇಹ ಅದನ್ನು ಗಮನಿಸದ ಕಾರಣಕ್ಕಲ್ಲ. ಅದರ ಮೇಲೆ ತಾನಾಗಿ ಮೂಡುವ, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರದ ಮೇಲೆ ಮೂಳೆ ಬೆಳೆಯಲು ಇಷ್ಟಪಡುವ ಕಾರಣಕ್ಕೆ. ಹೀಗಾಗಿ 1980ರ ದಶಕದಿಂದ ಈಚೆಗೆ ಜೈವಿಕ ಹೊಂದಾಣಿಕೆ ಎಂದರೆ ಪ್ರತಿಕ್ರಿಯೆಯೇ ಇಲ್ಲದಿರುವುದಲ್ಲ, ನಿರ್ದಿಷ್ಟ ಕೆಲಸಕ್ಕೆ ತಕ್ಕ ಪ್ರತಿಕ್ರಿಯೆ ಇರುವುದು ಎಂದೇ ಕ್ಷೇತ್ರ ಒಪ್ಪಿಕೊಂಡಿದೆ. ಮೂಳೆಯಲ್ಲಿ ಬೆಸುಗೆ ಬೇಕು, ಹೃದಯದ ಕವಾಟದ ಮೇಲೆ ಏನೂ ಅಂಟಬಾರದು. ಒಂದೇ ವಸ್ತುವಿನಿಂದ ಎರಡನ್ನೂ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಪ್ರೋಟೀನು ಅಂಟದಂತೆ ತಡೆಯುವ ದಿಕ್ಕಿನ ಕೆಲಸ ಒಂದು. ಧನ ಮತ್ತು ಋಣ ವಿದ್ಯುದಂಶಗಳನ್ನು ಸಮವಾಗಿ ಹೊತ್ತು ನೀರನ್ನು ಬಿಗಿಯಾಗಿ ಹಿಡಿದಿಡುವ ಹೈಡ್ರೊಜೆಲ್‌ಗಳು ಇಲಿಗಳ ಚರ್ಮದಡಿ ಮೂರು ತಿಂಗಳು ಪೊರೆಗೆ ಎಡೆಗೊಡದೆ ಉಳಿದವೆಂದು 2013ರಲ್ಲಿ ವರದಿಯಾಯಿತು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಮೂಡಿಸಿದ್ದು ಆಕಾರ ಮತ್ತು ಗಾತ್ರದ ಕಥೆ. 2015ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದೇ ವಸ್ತುವಿನಿಂದ ಮಾಡಿದ ಗುಂಡುಗಳಲ್ಲಿ ಅರ್ಧ ಮಿಲಿಮೀಟರಿನವು ನಾರಿನ ಪೊರೆಯಲ್ಲಿ ಮುಚ್ಚಿಹೋದರೆ, 1.5 ಮಿಲಿಮೀಟರ್ ಮತ್ತು ಅದಕ್ಕೂ ದೊಡ್ಡವು ಬಹಳ ಕಡಿಮೆ ಪ್ರತಿಕ್ರಿಯೆಗೆ ಗುರಿಯಾದವು. ರಾಸಾಯನಿಕ ಗುಣ ಒಂದೇ, ಗಾತ್ರ ಮಾತ್ರ ಬೇರೆ! ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಅಂಥ ಗುಂಡುಗಳೊಳಗಿಟ್ಟು ಸಕ್ಕರೆ ಕಾಯಿಲೆಗೆ ಚಿಕಿತ್ಸೆ ನೀಡಬೇಕೆನ್ನುವವರಿಗೆ ಇದು ದೊಡ್ಡ ಸುಳಿವು, ಏಕೆಂದರೆ ಪೊರೆ ಮುಚ್ಚಿಕೊಂಡರೆ ಒಳಗಿನ ಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ರಂಧ್ರಗಳ ಅಳತೆಯೂ ಹೀಗೆಯೇ: 30ರಿಂದ 40 ಮೈಕ್ರಾನಿನ ಏಕರೂಪದ ರಂಧ್ರಗಳಿರುವ ವಸ್ತುಗಳ ಸುತ್ತ ಪೊರೆ ತೆಳುವಾಗಿದ್ದು ಹೊಸ ರಕ್ತನಾಳಗಳು ಚೆನ್ನಾಗಿ ಬೆಳೆಯುತ್ತವೆ. ಹರ್ನಿಯಾಕ್ಕೆ ಹಾಕುವ ಜಾಲರಿಗಳಲ್ಲಿ ದಪ್ಪ, ಕಿರುರಂಧ್ರದ ನೇಯ್ಗೆಯ ಬದಲು ಹಗುರವಾದ, ದೊಡ್ಡ ಕಣ್ಣುಗಳ ನೇಯ್ಗೆ ಬಂದದ್ದರ ಹಿಂದೆಯೂ ಒಳಗೆ ಇಡುವ ಪರವಸ್ತುವನ್ನು ಕಡಿಮೆ ಮಾಡುವ, ಕಣ್ಣಿಂದ ಕಣ್ಣಿಗೆ ಗಾಯದ ಕಲೆ ಸೇತುವೆ ಕಟ್ಟದಂತೆ ತಡೆಯುವ ಯೋಚನೆಯಿದೆ.

ನೀವು ಎಂಜಿನಿಯರಿಂಗ್ ಓದುವವರಾದ್ದರಿಂದ ಗಡಸುತನದ ಬಗ್ಗೆ ವಿಶೇಷವಾಗಿ ಹೇಳುತ್ತೇನೆ. ಮಿದುಳಿನ ಸಂಕೇತಗಳನ್ನು ಗ್ರಹಿಸಲು ಅದರೊಳಗೆ ಇಡುವ ಸಿಲಿಕಾನ್ ವಿದ್ಯುದಗ್ರ (ಎಲೆಕ್ಟ್ರೋಡ್) ಮಿದುಳಿನ ಅಂಗಾಂಶಕ್ಕಿಂತ ಕೋಟಿಗಟ್ಟಲೆ ಪಟ್ಟು ಗಡಸು. ಉಸಿರಾಟಕ್ಕೂ ನಾಡಿಮಿಡಿತಕ್ಕೂ ಮಿದುಳು ತುಸುತುಸುವೇ ಕದಲುತ್ತಿರುತ್ತದೆ, ಗಡಸು ಸೂಜಿ ಕದಲುವುದಿಲ್ಲ. ಈ ಉಜ್ಜಾಟ ನಿರಂತರ ಗಾಯದಂತೆ ಕೆಲಸ ಮಾಡಿ, ಸುತ್ತಲೂ ಕಲೆಯ ಅಂಗಾಂಶ ಬೆಳೆದು, ತಿಂಗಳುಗಳು ಕಳೆದಂತೆ ಸಂಕೇತ ಮಂಕಾಗುತ್ತದೆ. ಮೆತ್ತನೆಯ ಪಾಲಿಮರ್ ಎಳೆಗಳು, ಒಳಗೆ ಹೋಗುವಾಗ ಗಡುಸಾಗಿದ್ದು ಹೋದಮೇಲೆ ಮೆತ್ತಗಾಗುವ ವಸ್ತುಗಳು, ಸಾಧನವನ್ನು ಅಂಗಕ್ಕೆ ಸಂದಿಲ್ಲದಂತೆ ಅಂಟಿಸಿ ಉಜ್ಜಾಟವನ್ನೇ ಇಲ್ಲವಾಗಿಸುವ ಅಂಟುಪದರಗಳು ಇಂದು ಪ್ರಯೋಗಶಾಲೆಗಳಲ್ಲಿವೆ. ಇವುಗಳಲ್ಲಿ ಬಹುಪಾಲು ಇನ್ನೂ ಪ್ರಾಣಿಗಳ ಹಂತದಲ್ಲಿವೆ ಎಂಬುದನ್ನು ಮರೆಯಬೇಡಿ. ಇಲಿಯ ಚರ್ಮದಡಿ ಮೂರು ತಿಂಗಳು ಬಾಳಿದ್ದು ಮನುಷ್ಯರ ಸೊಂಟದಲ್ಲಿ ಇಪ್ಪತ್ತು ವರ್ಷ ಬಾಳುತ್ತದೆಂದು ಯಾರೂ ಹೇಳಲಾಗದು.

ಪ್ರಶ್ನೆ: ಮುರಿದ ಕಾಲಿನ ಮೂಳೆಗೆ ಹಾಕಿದ ಪ್ಲೇಟನ್ನು ತೆಗೆಸಬೇಕೇ? ಕರಗಿಹೋಗುವ ಸ್ಕ್ರೂಗಳೇ ಇರುವಾಗ ಲೋಹವನ್ನೇಕೆ ಹಾಕುತ್ತಾರೆ?

ಉತ್ತರ: ತೊಂದರೆ ಕೊಡದ ಪ್ಲೇಟನ್ನು ವಯಸ್ಕರಲ್ಲಿ ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ಚರ್ಮಕ್ಕೆ ಒತ್ತಿ ನೋಯುತ್ತಿದ್ದರೆ, ಸ್ಕ್ರೂ ಸಡಿಲಗೊಂಡಿದ್ದರೆ, ಸೋಂಕಿದ್ದರೆ, ಬೆಳೆಯುವ ಮಕ್ಕಳಾಗಿದ್ದರೆ ತೆಗೆಯುವ ಮಾತು ಬರುತ್ತದೆ. ತೆಗೆಯುವುದೂ ಒಂದು ಶಸ್ತ್ರಚಿಕಿತ್ಸೆಯೇ ಆಗಿರುವುದರಿಂದ ಕುತೂಹಲಕ್ಕಾಗಿ ಬೇಡ. ಕರಗುವ ಸ್ಕ್ರೂಗಳಿಗೂ ದೇಹ ಪ್ರತಿಕ್ರಿಯಿಸುತ್ತದೆ. ಪಾಲಿಲ್ಯಾಕ್ಟಿಕ್ ಮತ್ತು ಪಾಲಿಗ್ಲೈಕಾಲಿಕ್ ಆಮ್ಲದ ಪಾಲಿಮರುಗಳು ನೀರಿನಲ್ಲಿ ಒಡೆದಾಗ ಆಮ್ಲವೇ ಹೊರಬರುತ್ತದೆ. ಅದು ದೇಹ ತೊಳೆದುಹಾಕುವುದಕ್ಕಿಂತ ವೇಗವಾಗಿ ಶೇಖರವಾದರೆ ಸೋಂಕಿಲ್ಲದೆಯೂ ಊತ ಬಂದು ದ್ರವ ಸುರಿಯಬಹುದು. ಬೇಗ ಕರಗುತ್ತಿದ್ದ ಮೊದಲ ಕಾಲದ ಪಿನ್ನುಗಳಲ್ಲಿ ಇದು ಸಾಕಷ್ಟು ಕಂಡುಬಂದಿತ್ತು. ಮೆಗ್ನೀಸಿಯಂ ಸ್ಕ್ರೂಗಳು ಕರಗುವಾಗ ಹೈಡ್ರೋಜನ್ ಅನಿಲ ಬಿಡುತ್ತವೆ, ಮಿಶ್ರಲೋಹವನ್ನು ಸರಿಪಡಿಸಿ ಆ ವೇಗವನ್ನು ಈಗ ತಗ್ಗಿಸಲಾಗಿದೆ. ಸಣ್ಣ ಮೂಳೆ, ಕಡಿಮೆ ಭಾರ ಇರುವ ಕಡೆ ಇವು ಉಪಯುಕ್ತ. ಕಾಲಿನ ಉದ್ದ ಮೂಳೆ ಇಡೀ ದೇಹದ ಭಾರ ಹೊರಬೇಕಾಗಿರುವುದರಿಂದ, ಅದು ಕೂಡುವವರೆಗೆ ಬಲ ಕಳೆದುಕೊಳ್ಳದ ಲೋಹವೇ ಇಂದಿಗೂ ವಿಶ್ವಾಸಾರ್ಹ. ನಿಮ್ಮ ಪ್ಲೇಟು ಯಾವ ಲೋಹದ್ದು, ಯಾವ ವರ್ಷದ್ದು, ಯಾವ ಮಾದರಿಯದು ಎಂಬ ವಿವರವಿರುವ ಕಾರ್ಡನ್ನು ಆಸ್ಪತ್ರೆಯಿಂದ ಪಡೆದು ಜೋಪಾನವಾಗಿಡಿ. ಮುಂದೆ ತೆಗೆಸಬೇಕಾಗಿ ಬಂದರೆ, ಆ ಸ್ಕ್ರೂಗಳ ತಲೆಗೆ ಹೊಂದುವ ಸರಿಯಾದ ತಿರುಪುಳಿ ಯಾವುದೆಂದು ಶಸ್ತ್ರಚಿಕಿತ್ಸಕರು ಅದನ್ನು ನೋಡಿಯೇ ತಿಳಿಯಬೇಕಾಗುತ್ತದೆ.